ಸಮಾನಾರ್ಥದ ಭ್ರಮೆ: ಇಂಗ್ಲಿಷ್ ಕ್ರಿಯಾವಿಶೇಷಣಗಳ ಆಯ್ಕೆ ಮತ್ತು ಕನ್ನಡದ ಅರಿವು

1

ಸಂಶೋಧನೆಗೆ ಸೇರುವ ಮುನ್ನ ನಾನು ಎರಡು ವರ್ಷ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ಕನ್ನಡ ಪಾಠ ಮಾಡುತ್ತಿದ್ದೆ. ಒಮ್ಮೆ ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ಉದ್ಯೋಗಕ್ಕಾಗಿ ಇಂಗ್ಲಿಷಿನಲ್ಲಿ ಬರೆದಿದ್ದ ಅರ್ಜಿಯನ್ನು ತಂದು, ಕಳುಹಿಸುವ ಮೊದಲು ನೋಡಿಕೊಡಬೇಕೆಂದು ಕೇಳಿದಳು. ರಜಾದಿನಗಳಲ್ಲಿ ಹೂ ಕಟ್ಟಿ ಮಾರಿ ಕಾಲೇಜಿನ ಶುಲ್ಕ ಹೊಂದಿಸಿಕೊಳ್ಳುತ್ತಿದ್ದ ಹುಡುಗಿ ಅವಳು. ಅರ್ಜಿಯ ಎರಡನೆಯ ಸಾಲಿನಲ್ಲಿ ‘ಐ ಹ್ಯಾವ್ ಆಲ್ವೇಸ್ ವರ್ಕ್ಡ್ ಹಾರ್ಡ್‌ಲಿ’ ಎಂದು ಬರೆದಿದ್ದಳು. ತಾನು ಸದಾ ಕಷ್ಟಪಟ್ಟು ದುಡಿದಿದ್ದೇನೆ ಎಂಬುದು ಅವಳು ಹೇಳಬಯಸಿದ ಮಾತು. ಓದುವವರಿಗೆ ತಲುಪುವುದು ಮಾತ್ರ ತಾನು ದುಡಿದದ್ದು ಅಷ್ಟಕ್ಕಷ್ಟೇ ಎಂಬ ಅರ್ಥ.

ಈ ತಪ್ಪನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಅವಳು ಅಜ್ಞಾನದಿಂದ ಹಾಗೆ ಬರೆದಿರಲಿಲ್ಲ. ನಿಯಮವನ್ನು ಪಾಲಿಸಿ ಬರೆದಿದ್ದಳು. ‘ಸ್ಲೋ’ ಎಂಬುದರಿಂದ ‘ಸ್ಲೋಲಿ’, ‘ಕ್ವಿಕ್’ ಎಂಬುದರಿಂದ ‘ಕ್ವಿಕ್‌ಲಿ’ ಬರುತ್ತದೆ, ಗುಣವಾಚಕಕ್ಕೆ ‘ಲಿ’ ಸೇರಿಸಿದರೆ ಕ್ರಿಯಾವಿಶೇಷಣವಾಗುತ್ತದೆ ಎಂದು ಶಾಲೆಯಲ್ಲಿ ಕಲಿಸಿದ್ದನ್ನು ‘ಹಾರ್ಡ್’ ಎಂಬ ಪದಕ್ಕೂ ಅನ್ವಯಿಸಿದ್ದಳು. ನಿಯಮ ಅವಳ ಕೈ ಬಿಟ್ಟಿತು.

ಇಂಗ್ಲಿಷಿನಲ್ಲಿ ಸಮೀಪಾರ್ಥವುಳ್ಳ ಕ್ರಿಯಾವಿಶೇಷಣಗಳನ್ನು ಆಯ್ದುಕೊಳ್ಳುವ ಪ್ರಶ್ನೆಯನ್ನು ಕನ್ನಡ ವಿಭಾಗದ ಪತ್ರಿಕೆಯಲ್ಲಿ ಏಕೆ ಎತ್ತಬೇಕು ಎಂದು ಕೆಲವರಿಗೆ ಅನ್ನಿಸಬಹುದು. ಅದು ಇಂಗ್ಲಿಷ್ ವಿಭಾಗದ ಹೊಣೆಯಲ್ಲವೇ? ಪ್ರಸ್ತುತ ಲೇಖನದ ನಿಲುವು ಬೇರೆ. ನಮ್ಮ ವಿದ್ಯಾರ್ಥಿಗಳು ಈ ಪದಗಳನ್ನು ಕನ್ನಡದ ಅರ್ಥಗಳ ಮೂಲಕವೇ ಕಲಿಯುತ್ತಾರೆ. ಆ ಅರ್ಥಗಳು ಮಸುಕಾಗಿದ್ದರೆ ಕಲಿಕೆಯೂ ಮಸುಕಾಗುತ್ತದೆ. ಇಂಗ್ಲಿಷ್ ಪದಕ್ಕೆ ಕನ್ನಡದ ಅರ್ಥವನ್ನು ಕೊಡುವ ಕೆಲಸ ಕನ್ನಡ ಬಲ್ಲವರ ಕೆಲಸ. ಅದನ್ನು ನಾವು ಸರಿಯಾಗಿ ಮಾಡಿಲ್ಲ ಎಂಬುದು ನನ್ನ ವಾದ.

2

ಮೊದಲಿಗೆ ‘ಹಾರ್ಡ್’ ಮತ್ತು ‘ಹಾರ್ಡ್‌ಲಿ’ ಪದಗಳ ಚರಿತ್ರೆಯನ್ನು ಗಮನಿಸಬಹುದು. ಹಳೆಯ ಇಂಗ್ಲಿಷಿನಲ್ಲಿ ಕ್ರಿಯಾವಿಶೇಷಣವನ್ನು ರೂಪಿಸಲು ಎರಡು ದಾರಿಗಳಿದ್ದವು. ಒಂದು, ಗುಣವಾಚಕದ ಕೊನೆಗೆ ‘ಎ’ ಎಂಬ ಸ್ವರವನ್ನು ಸೇರಿಸುವುದು. ಇನ್ನೊಂದು, ‘ಲೀಚೆ’ ಎಂಬ ಪ್ರತ್ಯಯವನ್ನು ಸೇರಿಸುವುದು. ಇಂದಿನ ‘ಲಿ’ ಈ ಪ್ರತ್ಯಯದ ಸವೆದ ರೂಪ. ದೇಹ, ಆಕಾರ ಎಂಬ ಅರ್ಥದ ನಾಮಪದವೊಂದು ಅದರ ಮೂಲ. ಮಧ್ಯಕಾಲೀನ ಇಂಗ್ಲಿಷಿನ ಕೊನೆಯ ಹಂತದ ವೇಳೆಗೆ ಪದಾಂತ್ಯದ ಸ್ವರ ಉಚ್ಚಾರಣೆಯಿಂದ ಬಿದ್ದುಹೋಯಿತು. ಹೀಗಾಗಿ ಮೊದಲ ದಾರಿಯಲ್ಲಿ ಹುಟ್ಟಿದ್ದ ಕ್ರಿಯಾವಿಶೇಷಣಗಳು ತಮ್ಮ ಗುಣವಾಚಕಗಳಂತೆಯೇ ಕಾಣತೊಡಗಿದವು. ‘ಹಾರ್ಡ್’, ‘ಫಾಸ್ಟ್’, ‘ಲೇಟ್’ ಎಂಬವು ಇಂದಿಗೂ ‘ಲಿ’ಯ ನೆರವಿಲ್ಲದೆ ಕ್ರಿಯಾವಿಶೇಷಣಗಳಾಗಿ ನಿಲ್ಲುವುದಕ್ಕೆ ಕಾರಣ ಇದು.

ಎರಡನೆಯ ದಾರಿಯಲ್ಲಿ ಬಂದ ‘ಹಾರ್ಡ್‌ಲಿ’ಯೂ ಮೊದಲು ಬಲವಾಗಿ, ಕಠಿಣವಾಗಿ ಎಂಬ ಅರ್ಥವನ್ನೇ ಹೊಂದಿತ್ತು. ಆಮೇಲೆ ಅದು ಕಷ್ಟದಿಂದ ಎಂಬ ಅರ್ಥಕ್ಕೆ, ಅಲ್ಲಿಂದ ಆಗಿಯೂ ಆಗದಷ್ಟು ಎಂಬ ಅರ್ಥಕ್ಕೆ ಸರಿಯಿತು. ಕಷ್ಟದಿಂದ ಆಗುವುದು ಕಡಿಮೆ ಆಗುತ್ತದೆ. ಕಡಿಮೆ ಆಗುವುದು ಕೊನೆಗೆ ಆಗದೇ ಇರುವುದರ ನೆರೆಗೆ ಬಂದು ನಿಲ್ಲುತ್ತದೆ. ಹಳೆಯ ಅರ್ಥವನ್ನು ‘ಹಾರ್ಡ್’ ಉಳಿಸಿಕೊಂಡಿತು. ‘ಲೇಟ್’ ಎಂದರೆ ತಡವಾಗಿ, ‘ಲೇಟ್‌ಲಿ’ ಎಂದರೆ ಈಚೆಗೆ ಎಂಬ ಭೇದವೂ ಇದೇ ಬಗೆಯದು. ಒಂದೇ ಬುಡದ ಎರಡು ರೂಪಗಳಿಗೆ ಭಾಷೆ ಬೇರೆ ಬೇರೆ ಕೆಲಸ ವಹಿಸಿದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಫ್ರೆಂಚ್ ಭಾಷೆಯ ‘ಮಾಂ’ ಎಂಬ ಕ್ರಿಯಾವಿಶೇಷಣ ಪ್ರತ್ಯಯ ಮನಸ್ಸು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಕನ್ನಡ ಈ ಕೆಲಸಕ್ಕೆ ‘ಆಗು’ ಧಾತುವಿನ ‘ಆಗಿ’ ಎಂಬ ರೂಪವನ್ನು ಬಳಸುತ್ತದೆ. ಚೆನ್ನಾಗಿ, ನಿಧಾನವಾಗಿ, ಜೋರಾಗಿ. ಜೊತೆಗೆ ಮೆಲ್ಲನೆ, ತಣ್ಣಗೆ ಎಂಬ ಬಗೆಯ ರೂಪಗಳೂ, ಅನುಕರಣ ಪದಗಳೂ ಇವೆ. ಪ್ರತಿಯೊಂದು ಭಾಷೆಯೂ ತನ್ನದೇ ಸಾಮಗ್ರಿಯಿಂದ ಈ ವರ್ಗವನ್ನು ಕಟ್ಟಿಕೊಂಡಿರುವಾಗ, ಒಂದರ ಪದ ಇನ್ನೊಂದರ ಪದಕ್ಕೆ ಒಂದಕ್ಕೊಂದು ಹೊಂದಿಕೆಯಾಗಬೇಕೆಂದು ನಿರೀಕ್ಷಿಸಲು ಆಧಾರವಿಲ್ಲ.

3

ನಮ್ಮ ಶಾಲಾ ಶಬ್ದಾರ್ಥ ಪಟ್ಟಿಗಳು ಮಾತ್ರ ಇದನ್ನೇ ನಿರೀಕ್ಷಿಸುತ್ತವೆ. ‘ಅಬೌಟ್’, ‘ಆಲ್‌ಮೋಸ್ಟ್’, ‘ನಿಯರ್‌ಲಿ’ ಮೂರಕ್ಕೂ ‘ಸುಮಾರು’ ಅಥವಾ ‘ಹೆಚ್ಚುಕಡಿಮೆ’ ಎಂಬ ಒಂದೇ ಅರ್ಥವನ್ನು ಕೊಟ್ಟರೆ ಕೆಲಸ ಮುಗಿಯಿತೆಂಬ ಭಾವನೆ ಅವುಗಳಲ್ಲಿದೆ. ವಾಸ್ತವದಲ್ಲಿ ‘ಅಬೌಟ್’ ಜೊತೆಗಿನ ಐನೂರು ನಾನೂರ ತೊಂಬತ್ತೂ ಆಗಬಹುದು, ಐನೂರ ಹತ್ತೂ ಆಗಬಹುದು. ‘ನಿಯರ್‌ಲಿ’ ಮತ್ತು ‘ಆಲ್‌ಮೋಸ್ಟ್’ ಜೊತೆಗಿನ ಐನೂರು ಎಂದಿಗೂ ಐನೂರನ್ನು ದಾಟುವುದಿಲ್ಲ. ಅವು ಗಡಿಯ ಈಚೆಗೇ ನಿಲ್ಲುತ್ತವೆ. ಕನ್ನಡದ ‘ಸುಮಾರು’ ಗಡಿಯ ಎರಡೂ ಕಡೆ ಓಡಾಡುವ ಪದ. ಆದ್ದರಿಂದ ಅದು ‘ಅಬೌಟ್’ ಪದಕ್ಕೆ ಸಲ್ಲುತ್ತದೆ, ಉಳಿದೆರಡಕ್ಕೆ ಸಲ್ಲುವುದಿಲ್ಲ. ಅವಕ್ಕೆ ‘ಹತ್ತಿರ ಹತ್ತಿರ’ ಎಂಬುದು ಹೆಚ್ಚು ಹೊಂದುತ್ತದೆ.

ಇವುಗಳ ಎದುರಿಗೆ ‘ಬೇರ್‌ಲಿ’ಯನ್ನು ಇಟ್ಟು ನೋಡಿದರೆ ಸಮಸ್ಯೆಯ ಗಾಂಭೀರ್ಯ ಅರಿವಿಗೆ ಬರುತ್ತದೆ. ವಯಸ್ಸನ್ನು ಹೇಳುವಾಗ ‘ನಿಯರ್‌ಲಿ’ ಹದಿನೆಂಟು ಎಂದರೆ ಹದಿನೆಂಟು ಇನ್ನೂ ತುಂಬಿಲ್ಲ. ‘ಬೇರ್‌ಲಿ’ ಹದಿನೆಂಟು ಎಂದರೆ ಈಗಷ್ಟೇ ತುಂಬಿದೆ. ಎರಡನ್ನೂ ‘ಸುಮಾರು ಹದಿನೆಂಟು ವರ್ಷದ’ ಎಂದು ಅನುವಾದಿಸಿದರೆ ಒಬ್ಬ ವಯಸ್ಕ ವ್ಯಕ್ತಿಯೂ ಒಬ್ಬ ಅಪ್ರಾಪ್ತ ವಯಸ್ಸಿನ ವ್ಯಕ್ತಿಯೂ ಒಂದೇ ಆಗಿಬಿಡುತ್ತಾರೆ. ಮತದಾನ, ಮದುವೆ, ಒಪ್ಪಂದ, ಅಪರಾಧದ ಹೊಣೆ ಎಲ್ಲವೂ ಆ ಗೆರೆಯ ಮೇಲೆ ನಿಂತಿರುವಾಗ ಇದನ್ನು ಶೈಲಿಯ ಸಣ್ಣ ದೋಷ ಎನ್ನಲಾಗದು.

ಗಡಿಯ ಒಂದೇ ಕಡೆ ನಿಲ್ಲುವ ಪದಗಳೂ ಒಂದರ ಬದಲು ಇನ್ನೊಂದು ಬರುವಂಥವಲ್ಲ. ‘ಆಲ್‌ಮೋಸ್ಟ್’ ಪದ ‘ನೋಬಡಿ’, ‘ನಥಿಂಗ್’, ‘ನೆವರ್’ ಮುಂತಾದ ನಿಷೇಧ ಪದಗಳ ಜೊತೆ ಸಲೀಸಾಗಿ ಕೂಡುತ್ತದೆ. ‘ನಿಯರ್‌ಲಿ’ ಸಾಮಾನ್ಯವಾಗಿ ಅವುಗಳ ಜೊತೆ ಕೂಡುವುದಿಲ್ಲ. ಇತ್ತ ‘ನಿಯರ್‌ಲಿ’ಯ ಹಿಂದೆ ‘ವೆರಿ’ ಬರಬಹುದು, ‘ನಾಟ್’ ಬರಬಹುದು. ‘ಆಲ್‌ಮೋಸ್ಟ್’ ಹಿಂದೆ ಅವು ಬರಲಾರವು. ಇದನ್ನು ಯಾವ ಅರ್ಥವಿವರಣೆಯೂ ತಿಳಿಸುವುದಿಲ್ಲ. ಪದದ ಸ್ವಭಾವ ಅದರ ಸಹವಾಸದಿಂದ ತಿಳಿಯುತ್ತದೆ ಎಂಬ ವಿಚಾರವನ್ನು ಬ್ರಿಟನ್ನಿನ ಭಾಷಾವಿಜ್ಞಾನಿ ಜೆ.ಆರ್. ಫರ್ತ್ 1950ರ ದಶಕದಲ್ಲಿ ಮುಂದಿಟ್ಟರು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ ಅವರ ನೇತೃತ್ವದಲ್ಲಿ ಸಿದ್ಧವಾಗಿ 1987ರಲ್ಲಿ ಹೊರಬಂದ ಕೋಬಿಲ್ಡ್ ನಿಘಂಟು ಆ ವಿಚಾರದ ಜಾಡಿನಲ್ಲಿಯೇ ಸಾಗಿ, ಕಂಪ್ಯೂಟರಿನಲ್ಲಿ ಸಂಗ್ರಹಿಸಿದ ನಿಜವಾದ ಬಳಕೆಯ ವಾಕ್ಯಗಳನ್ನು ಆಧರಿಸಿ ಅರ್ಥಗಳನ್ನು ನಿರೂಪಿಸಿತು.

ಮಾತನಾಡುವವನ ಮನೋಭಾವವೂ ಆಯ್ಕೆಯನ್ನು ನಿರ್ಧರಿಸುತ್ತದೆ. ಕೋಣೆಯ ಶಾಖವನ್ನು ಕುರಿತು ‘ಫೇರ್‌ಲಿ’ ಬಳಸಿದರೆ ಸಾಮಾನ್ಯವಾಗಿ ಹಿತವೆಂಬ ಸೂಚನೆ, ‘ರಾದರ್’ ಬಳಸಿದರೆ ಬೇಕಾದುದಕ್ಕಿಂತ ಹೆಚ್ಚೆಂಬ ಸೂಚನೆ. ಕನ್ನಡದಲ್ಲಿ ಸಾರಿಗೆ ಉಪ್ಪು ‘ಹದವಾಗಿದೆ’ ಎನ್ನುವುದಕ್ಕೂ ‘ತುಸು ಹೆಚ್ಚೇ ಆಯಿತು’ ಎನ್ನುವುದಕ್ಕೂ ಇರುವ ಅಂತರ ಇದಕ್ಕೆ ಸಮೀಪದ್ದು. ‘ಕ್ವೈಟ್’ ಪದದ ಕಥೆ ಇನ್ನೂ ತೊಡಕಿನದು. ‘ಇಂಪಾಸಿಬಲ್’ ಎಂಬಂಥ ಪದದ ಹಿಂದೆ ಅದು ಬಂದರೆ ಸಂಪೂರ್ಣವಾಗಿ ಎಂದರ್ಥ. ‘ಗುಡ್’ ಪದದ ಹಿಂದೆ ಬಂದರೆ ಬ್ರಿಟಿಷರ ಬಳಕೆಯಲ್ಲಿ ಅನೇಕ ವೇಳೆ ಪರವಾಗಿಲ್ಲ ಎಂಬಷ್ಟು ಮಾತ್ರ. ಅಮೆರಿಕನ್ನರ ಬಳಕೆಯಲ್ಲಿ ಅದು ಮೆಚ್ಚುಗೆಯ ಮಾತು. ವಿದೇಶಿ ವಿಶ್ವವಿದ್ಯಾಲಯಕ್ಕೆ ಹೋಗುವ ಶಿಫಾರಸು ಪತ್ರದಲ್ಲಿ ಮಾರ್ಗದರ್ಶಕರು ಸದ್ಭಾವದಿಂದ ಬರೆದ ಈ ಒಂದು ಪದ, ಓದುವವರು ಎಲ್ಲಿಯವರು ಎಂಬುದನ್ನು ಅವಲಂಬಿಸಿ, ವಿದ್ಯಾರ್ಥಿಯನ್ನು ಮೇಲೆತ್ತಲೂಬಹುದು, ಕೆಳಗಿಳಿಸಲೂಬಹುದು.

4

ಈ ಆಯ್ಕೆ ಮನುಷ್ಯನ ಸ್ವಾತಂತ್ರ್ಯದವರೆಗೂ ಚಾಚಿಕೊಳ್ಳುತ್ತದೆ ಎಂಬುದಕ್ಕೆ ನಮ್ಮ ನ್ಯಾಯಾಲಯಗಳಲ್ಲೇ ನಿದರ್ಶನವಿದೆ. 1950ರ ಮುನ್ನೆಚ್ಚರಿಕೆ ಬಂಧನ ಕಾಯಿದೆಯಲ್ಲಿ ಬಂಧನದ ಆದೇಶ ಹೊರಡಿಸಿದ ಅಧಿಕಾರಿ ಅದನ್ನು ಸರ್ಕಾರಕ್ಕೆ ‘ಫೋರ್ತ್‌ವಿತ್’ ವರದಿ ಮಾಡಬೇಕೆಂದಿತ್ತು. ಬಂಧಿತನಿಗೆ ಬಂಧನದ ಕಾರಣಗಳನ್ನು ‘ಆ್ಯಸ್ ಸೂನ್ ಆ್ಯಸ್ ಮೇ ಬಿ’ ತಿಳಿಸಬೇಕೆಂದಿತ್ತು. ಎರಡೂ ಬೇಗ ಎಂಬುದನ್ನೇ ಹೇಳುತ್ತವೆ. ಆದರೆ ಕೇಶವ ನೀಲಕಂಠ ಜೋಗ್ಲೇಕರ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1956ರಲ್ಲಿ ಇವೆರಡೂ ಒಂದೇ ಅಲ್ಲವೆಂದು ಪರಿಗಣಿಸಿ, ಒಂದೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿತು. ಒಂದೇ ಕಾಯಿದೆಯಲ್ಲಿ ಎರಡು ಬೇರೆ ನುಡಿಗಳು ಬಂದಿದ್ದರೆ ಅವುಗಳಿಗೆ ಎರಡು ಬೇರೆ ಅರ್ಥಗಳಿರಬೇಕು ಎಂಬುದು ಕಾನೂನಿನ ಓದಿನ ಸಾಮಾನ್ಯ ತತ್ತ್ವ.

1963ರ ರಾಜ್ಯಭಾಷಾ ಅಧಿನಿಯಮದಿಂದ ಕನ್ನಡ ಈ ನಾಡಿನ ಆಡಳಿತ ಭಾಷೆಯಾಯಿತು. ಆ ಬಳಿಕ ಕಾನೂನು ಮತ್ತು ಸುತ್ತೋಲೆಗಳ ಭಾಷಾಂತರ ಕನ್ನಡದ ನಿತ್ಯದ ಕೆಲಸವಾಗಿದೆ. ‘ಫೋರ್ತ್‌ವಿತ್’, ‘ಇಮ್ಮೀಡಿಯೆಟ್‌ಲಿ’, ‘ಪ್ರಾಂಪ್ಟ್‌ಲಿ’, ‘ಆ್ಯಸ್ ಸೂನ್ ಆ್ಯಸ್ ಮೇ ಬಿ’ ಎಲ್ಲಕ್ಕೂ ‘ಕೂಡಲೇ’ ಎಂದು ಬರೆಯುತ್ತಾ ಹೋದರೆ ಮೂಲದಲ್ಲಿದ್ದ ಭೇದ ಕನ್ನಡದಲ್ಲಿ ಅಳಿಸಿಹೋಗುತ್ತದೆ. ಕನ್ನಡದಲ್ಲಿಯೇ ವಾದಿಸಬೇಕೆಂಬ ವಕೀಲನಿಗೆ ವಾದಿಸಲು ಆಧಾರ ಉಳಿಯುವುದಿಲ್ಲ. ಆಗ ಅವನು ಮತ್ತೆ ಇಂಗ್ಲಿಷ್ ಪಠ್ಯಕ್ಕೇ ಮರಳುತ್ತಾನೆ. ಕನ್ನಡ ಕಾನೂನಿಗೆ ಒಗ್ಗುವ ಭಾಷೆಯಲ್ಲ ಎಂಬ ಹಳೆಯ ಆಕ್ಷೇಪಕ್ಕೆ ಹೊಸ ಬಲ ಬರುತ್ತದೆ.

5

ಈ ಆಕ್ಷೇಪ ಸುಳ್ಳು ಎಂಬುದನ್ನು ಕನ್ನಡದ ಒಳಗಿನಿಂದಲೇ ತೋರಿಸಬಹುದು. ಕೂಡಲೇ, ಒಡನೆ, ತಕ್ಷಣ, ಬೇಗ, ಥಟ್ಟನೆ, ದಿಢೀರನೆ, ಹಠಾತ್ತನೆ ಎಂಬ ಪದಗಳನ್ನು ನೋಡೋಣ. ‘ಕೂಡಲೇ ಬಾ’ ಎನ್ನುತ್ತೇವೆ, ‘ಬೇಗ ಬಾ’ ಎನ್ನುತ್ತೇವೆ. ‘ದಿಢೀರನೆ ಬಾ’ ಎಂದು ಯಾರೂ ಕರೆಯುವುದಿಲ್ಲ. ‘ದಿಢೀರನೆ’ ಎಂಬುದರಲ್ಲಿ ನೋಡುವವನ ನಿರೀಕ್ಷೆ ತಪ್ಪಿದ ಅರ್ಥವಿದೆ. ನಾವೇ ಕರೆದು ಬರಿಸಿಕೊಂಡವನು ದಿಢೀರನೆ ಬರಲಾರ. ‘ಥಟ್ಟನೆ ಹೇಳು’ ಎನ್ನಬಹುದು, ‘ಹಠಾತ್ತನೆ ಹೇಳು’ ಎನ್ನಲಾಗದು. ‘ಬೇಗ’ ಎಂಬುದಕ್ಕೆ ‘ಇನ್ನೂ’ ಸೇರಿ ‘ಇನ್ನೂ ಬೇಗ’ ಆಗುತ್ತದೆ. ‘ಇನ್ನೂ ಥಟ್ಟನೆ’ ಆಗುವುದಿಲ್ಲ. ಐದು ವರ್ಷದ ಮಗುವೂ ಇವುಗಳಲ್ಲಿ ತಪ್ಪುವುದು ವಿರಳ. ಇಂಗ್ಲಿಷಿನ ‘ಸಡನ್‌ಲಿ’ ಮತ್ತು ‘ಇಮ್ಮೀಡಿಯೆಟ್‌ಲಿ’ ಪದಗಳ ನಡುವಿನ ಅಂತರ ಬಹುಮಟ್ಟಿಗೆ ಇದೇ ಅಂತರ. ಕನ್ನಡದ ವಿದ್ಯಾರ್ಥಿಗೆ ಅದು ಆಗಲೇ ಗೊತ್ತಿದೆ. ತನಗೆ ಗೊತ್ತಿದೆ ಎಂಬುದನ್ನು ಮಾತ್ರ ಯಾರೂ ಅವನಿಗೆ ತಿಳಿಸಿಲ್ಲ.

ಇಂಗ್ಲಿಷ್ ಒಂದು ಪದದಿಂದ ಮಾಡುವ ಕೆಲಸವನ್ನು ಕನ್ನಡ ಅನೇಕ ಬಾರಿ ಕ್ರಿಯಾರೂಪದಿಂದಲೋ ಅವಧಾರಣೆಯ ‘ಏ’ಕಾರದಿಂದಲೋ ಮಾಡುತ್ತದೆ. ಬೀಳುವುದು ಸ್ವಲ್ಪದರಲ್ಲಿ ತಪ್ಪಿದ್ದನ್ನು ಇಂಗ್ಲಿಷ್ ‘ಆಲ್‌ಮೋಸ್ಟ್’ ಎಂಬ ಪದದಿಂದ ಹೇಳಿದರೆ ಕನ್ನಡಿಗರು ‘ಇನ್ನೇನು ಬಿದ್ದೇಬಿಡುತ್ತಿದ್ದ’ ಎನ್ನುತ್ತಾರೆ. ಇದನ್ನು ‘ಬಹುತೇಕ ಬಿದ್ದನು’ ಎಂದು ಬರೆಯುವ ಅನುವಾದಕ ನಿಘಂಟಿಗೆ ನಿಷ್ಠನಾಗಿ ಭಾಷೆಗೆ ದ್ರೋಹ ಮಾಡುತ್ತಾನೆ. ‘ಹಾರ್ಡ್‌ಲಿ’ ಕೂಡ ಹಾಗೆಯೇ. ‘ಅವನು ಓದುವುದು ಅಷ್ಟಕ್ಕಷ್ಟೇ’, ‘ಬಂದನೋ ಇಲ್ಲವೋ ಹೊರಟೇಹೋದ’ ಎಂಬ ವಾಕ್ಯಗಳಲ್ಲಿ ಅದರ ಎರಡು ಬೇರೆ ಬಳಕೆಗಳು ಕನ್ನಡದ ಎರಡು ಬೇರೆ ರಚನೆಗಳಾಗಿ ಬಂದಿವೆ. ‘ವಿರಳವಾಗಿ’ ಎಂಬ ನಿಘಂಟಿನ ಒಂದು ಪದ ಇವೆರಡನ್ನೂ ಹಿಡಿದಿಡಲಾರದು.

ಒಂದು ಆತ್ಮವಿಮರ್ಶೆಯೂ ಇಲ್ಲಿ ಅಗತ್ಯ. ನಾವು ಹಳಗನ್ನಡಕ್ಕೂ ಇದನ್ನೇ ಮಾಡಿದ್ದೇವೆ. ಕರಂ, ನಾಡೆ, ಆದಂ, ಪಿರಿದುಂ ಎಂಬ ಪದಗಳಿಗೆ ನಮ್ಮ ಅನೇಕ ಪಠ್ಯಪುಸ್ತಕಗಳ ಅರ್ಥಕೋಶಗಳು ‘ಬಹಳವಾಗಿ’, ‘ಹೆಚ್ಚಾಗಿ’ ಎಂಬ ಒಂದೇ ಅರ್ಥವನ್ನು ಕೊಟ್ಟು ಮುಂದೆ ಸಾಗುತ್ತವೆ. ಕವಿ ಒಂದೆಡೆ ಒಂದನ್ನು, ಇನ್ನೊಂದೆಡೆ ಇನ್ನೊಂದನ್ನು ಆಯ್ದದ್ದು ಛಂದಸ್ಸಿನ ಒತ್ತಡದಿಂದ ಮಾತ್ರವೇ, ಅಥವಾ ಆ ಪದಗಳಿಗೂ ತಮ್ಮವೇ ಸಹವಾಸಗಳಿದ್ದವೇ ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ನಾವು ಕೇಳುವುದೇ ಇಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಅವ್ಯಯಗಳಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಪರೀಕ್ಷೆಯಲ್ಲಿ ಅಂಕ ಗಳಿಸಿಕೊಡುವುದು ಸಂಧಿ, ಸಮಾಸಗಳೆಂಬ ಕಾರಣಕ್ಕೆ ಆ ಪ್ರಕರಣ ನಮ್ಮ ಪಾಠಗಳಲ್ಲಿ ಕೊನೆಗೆ ಉಳಿದು, ಸಮಯವಿಲ್ಲವೆಂದು ಬಿಟ್ಟುಹೋಗುತ್ತದೆ.

6

ಈ ವಾದಕ್ಕೆ ಮೂರು ಆಕ್ಷೇಪಗಳು ಬರಬಹುದು. ಇಂಗ್ಲಿಷಿನ ಇಷ್ಟು ಸೂಕ್ಷ್ಮಗಳನ್ನು ಕಲಿಯುವುದು ವಸಾಹತುಶಾಹಿ ಗುಲಾಮಗಿರಿಯ ಮುಂದುವರಿಕೆ ಎಂಬುದು ಮೊದಲನೆಯದು. ಈ ಸೂಕ್ಷ್ಮಗಳು ಇಂದು ಯಾರ ಬಳಿ ಇವೆ ಎಂದು ಕೇಳಿಕೊಂಡರೆ ಉತ್ತರ ದೊರೆಯುತ್ತದೆ. ಅವು ದುಬಾರಿ ಶಾಲೆಗಳಲ್ಲಿ ಓದಿದವರ ಬಳಿ ಇವೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಅವನ್ನು ನಿರಾಕರಿಸಿದರೆ ವಸಾಹತುಶಾಹಿಯೇನೂ ಕೊನೆಗೊಳ್ಳುವುದಿಲ್ಲ. ಅದರ ವಾರಸುದಾರಿಕೆ ಕೆಲವರಲ್ಲಿಯೇ ಉಳಿಯುತ್ತದೆ.

ಭಾರತೀಯ ಇಂಗ್ಲಿಷ್ ಎಂಬುದೊಂದು ಸ್ವತಂತ್ರ ಪ್ರಭೇದವಾಗಿರುವಾಗ ತಪ್ಪುಗಳನ್ನು ಏಕೆ ಎಣಿಸಬೇಕು ಎಂಬುದು ಎರಡನೆಯದು. ಇದರಲ್ಲಿ ಹುರುಳಿದೆ. ‘ಅವನು ಹಾಗೇ’ ಎಂಬುದನ್ನು ನಮ್ಮವರು ‘ಹಿ ಈಸ್ ಲೈಕ್ ದಟ್ ಓನ್ಲಿ’ ಎನ್ನುವಾಗ ಕನ್ನಡದ ‘ಏ’ಕಾರ ಇಂಗ್ಲಿಷಿನೊಳಗೆ ಬಂದು ಕುಳಿತಿದೆ. ಅರ್ಥ ಕೆಡದೆ ಒತ್ತು ಬೇರೆಯಾಗಿದೆ. ಅದನ್ನು ನಮ್ಮ ನೆಲದ ಇಂಗ್ಲಿಷ್ ಎಂದು ಒಪ್ಪಬಹುದು. ‘ಪ್ರೆಸೆಂಟ್‌ಲಿ’ ಪದವನ್ನು ನಮ್ಮ ಕಚೇರಿಗಳು ಈಗ ಎಂಬ ಅರ್ಥದಲ್ಲಿ ಬಳಸುವುದೂ ಹಾಗೆಯೇ. ಬ್ರಿಟನ್ನಿನಲ್ಲಿ ಅದಕ್ಕೆ ಸ್ವಲ್ಪ ಹೊತ್ತಿನಲ್ಲಿ ಎಂಬ ಅರ್ಥ ರೂಢಿಯಾಗಿದ್ದರೂ, ಈಗ ಎಂಬ ಅರ್ಥ ಅಮೆರಿಕ ಮತ್ತು ಸ್ಕಾಟ್ಲೆಂಡಿನಲ್ಲಿಯೂ ಬಳಕೆಯಲ್ಲಿದೆ. ಆದರೆ ‘ಹಾರ್ಡ್‌ಲಿ’ಯ ಪ್ರಸಂಗ ಬೇರೆ. ಅಲ್ಲಿ ಅರ್ಥವೇ ತಲೆಕೆಳಗಾಗುತ್ತದೆ. ಒತ್ತು ಬದಲಾದುದನ್ನು ಉಳಿಸಿಕೊಳ್ಳಬಹುದು, ಅರ್ಥ ತಿರುಗಿದುದನ್ನು ತಿದ್ದಬೇಕು ಎಂಬ ವಿವೇಕ ಶಿಕ್ಷಕರಿಗೆ ಸಾಕು.

ಈಗ ಯಂತ್ರಾನುವಾದ ಬಂದಿದೆ, ಪದದ ಆಯ್ಕೆಯನ್ನು ಯಂತ್ರವೇ ಮಾಡುತ್ತದೆ ಎಂಬುದು ಮೂರನೆಯದು. ಯಂತ್ರ ಕೊಟ್ಟ ವಾಕ್ಯ ತಾನು ಹೇಳಬಯಸಿದ್ದೇ ಹೌದೇ ಎಂದು ತೀರ್ಮಾನಿಸಬೇಕಾದವರು ಸಹಿ ಹಾಕುವ ಮನುಷ್ಯರೇ. ‘ಬೇರ್‌ಲಿ’ ಮತ್ತು ‘ನಿಯರ್‌ಲಿ’ ಗಡಿಯ ಯಾವ ಕಡೆ ನಿಲ್ಲುತ್ತವೆ ಎಂದು ತಿಳಿಯದವರಿಗೆ ಯಂತ್ರದ ತಪ್ಪು ತಪ್ಪೆಂದು ಕಾಣುವುದೂ ಇಲ್ಲ.

7

ಹಾಗಾದರೆ ಆಗಬೇಕಾದದ್ದೇನು? ನನ್ನ ಸೂಚನೆ ಸರಳವಾದದ್ದು. ಸಮೀಪಾರ್ಥದ ಪದಗಳನ್ನು ಪ್ರತ್ಯೇಕಿಸಲು ನಾಲ್ಕು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಬರಬೇಕು. ಈ ಪದ ಗಡಿಯ ಯಾವ ಕಡೆ ನಿಲ್ಲುತ್ತದೆ? ಯಾವ ಪದಗಳ ಜೊತೆ ಕೂಡುತ್ತದೆ, ಯಾವುದರ ಜೊತೆ ಕೂಡುವುದಿಲ್ಲ? ಆಡುವವನ ಮೆಚ್ಚುಗೆಯನ್ನೋ ಅಸಮಾಧಾನವನ್ನೋ ಅಚ್ಚರಿಯನ್ನೋ ಸೂಚಿಸುತ್ತದೆಯೇ? ಕನ್ನಡದಲ್ಲಿ ಇದೇ ಕೆಲಸವನ್ನು ಪದ ಮಾಡುತ್ತದೆಯೋ, ಪ್ರತ್ಯಯವೋ, ಕ್ರಿಯಾರೂಪವೋ? ಈ ಕೊನೆಯ ಪ್ರಶ್ನೆಗೆ ಉತ್ತರಿಸಬಲ್ಲವರು ಕನ್ನಡ ವಿಭಾಗದವರೇ.

ಇದಕ್ಕೆ ಬೇಕಾದ ವಿಧಾನವೂ ನಮಗೆ ಹೊಸದಲ್ಲ. ಕಿಟೆಲ್ ತಮ್ಮ 1894ರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಗಾದೆಗಳನ್ನೂ ಬಳಕೆಯ ಮಾತುಗಳನ್ನೂ ಆಧಾರವಾಗಿ ಕೊಟ್ಟರು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಶಾಸನ ಮತ್ತು ಕಾವ್ಯಗಳ ಪ್ರಯೋಗಗಳನ್ನು ಮುಂದಿಟ್ಟುಕೊಂಡು ಅರ್ಥ ಹೇಳಿತು. ಪ್ರಯೋಗವೇ ಪ್ರಮಾಣ ಎಂಬ ಈ ಶಿಸ್ತನ್ನು ಇಂಗ್ಲಿಷ್–ಕನ್ನಡ ಶಬ್ದಾರ್ಥ ಪುಸ್ತಕಗಳಿಗೂ ವಿಸ್ತರಿಸಬೇಕು. ಪದದ ಎದುರು ಪದವನ್ನಿಡುವ ಬದಲು ವಾಕ್ಯದ ಎದುರು ವಾಕ್ಯವನ್ನಿಡಬೇಕು. ಎಂ.ಎ. ಹಂತದ ಕಿರುಪ್ರಬಂಧಗಳಿಗೆ ಇಂಥ ಹತ್ತು ಪದಗಳ ಒಂದೊಂದು ಗುಂಪನ್ನು ವಹಿಸಿದರೂ ಕೆಲವೇ ವರ್ಷಗಳಲ್ಲಿ ಶಾಲಾ ಶಿಕ್ಷಕರ ಕೈಗೆ ಉಪಯುಕ್ತವಾದ ಕೈಪಿಡಿಯೊಂದನ್ನು ಕೊಡಬಹುದು.

ಆ ವಿದ್ಯಾರ್ಥಿನಿಯ ಅರ್ಜಿಯಲ್ಲಿ ನಾನು ಮಾಡಿದ ತಿದ್ದುಪಡಿ ‘ಲಿ’ ಎಂಬ ಒಂದು ಅಕ್ಷರವನ್ನು ಹೊಡೆದುಹಾಕಿದ್ದು ಮಾತ್ರ. ‘ನಿಯಮದಂತೆ ಬರೆದದ್ದಕ್ಕೇ ತಪ್ಪಾಯಿತಲ್ಲ ಸರ್’ ಎಂದಳು. ಅಂದು ನನ್ನ ಬಳಿ ಉತ್ತರವಿರಲಿಲ್ಲ. ತಪ್ಪು ಅವಳದಲ್ಲ, ಅವಳ ಕೈಗೆ ಅರೆಬರೆ ನಿಯಮವನ್ನೂ ಒಂದೇ ಪದದ ಅರ್ಥವನ್ನೂ ಕೊಟ್ಟು ಕಳುಹಿಸಿದ ನಮ್ಮದು ಎಂದು ಈಗ ಹೇಳಬಲ್ಲೆ.